ಹಿತ್ತಲ ಬೀನ್ಸಿಗೆ ತೋಟದ ವಿಷವೇಕೆ?

ಶ್ರಾವಣದ ಮಳೆ ತುಸು ಬಿಡುವು ಕೊಟ್ಟಾಗ ಮಲೆನಾಡಿನ ಹಿತ್ತಲುಗಳಲ್ಲಿ ಕಾಣುವ ನೋಟವಿದು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸುವು, ಅದರಾಚೆ ಬಸಳೆಯ ಚಪ್ಪರ, ಬೇಲಿಗುಂಟ ಹಬ್ಬಿದ ಬೀನ್ಸ್ ಬಳ್ಳಿ. ಬಳ್ಳಿಯ ಬುಡದ ಎಲೆಗಳು ಹಳದಿಯಾಗಿ ಉದುರುತ್ತಿವೆ. ಎಳೆಯ ಕಾಯಿಗಳ ಮೇಲೆ ಕಪ್ಪು ಗುಳಿಗಳು ಬಿದ್ದಿವೆ. ಮನೆಯಾಕೆ ಒಂದು ಕಾಯಿ ಕಿತ್ತು ತಂದು ಜಗಲಿಯಲ್ಲಿ ಕುಳಿತವರಿಗೆ ತೋರಿಸುತ್ತಾಳೆ. “ತೋಟಕ್ಕೆ ತಂದ ಔಷಧಿ ಉಳಿದಿದೆ, ಬಳ್ಳಿಗೂ ಒಂದು ಕೈ ಹೊಡೆದರಾಯಿತು” ಎಂಬ ಉತ್ತರ ಬರುತ್ತದೆ. ಸಂಜೆಯೊಳಗೆ ಪಂಪು ಹಿತ್ತಲಿಗೆ ಇಳಿಯುತ್ತದೆ. ಮೂರನೆಯ ದಿನ ಅದೇ ಬಳ್ಳಿಯ ಕಾಯಿ ಪಲ್ಯವಾಗಿ ಮಕ್ಕಳ ಎಲೆಗೆ ಬೀಳುತ್ತದೆ.

ಈ ಮೂರು ದಿನಗಳಲ್ಲಿ ನಡೆದುಹೋದ ತಪ್ಪುಗಳು ಒಂದೆರಡಲ್ಲ. ಬಂದ ರೋಗ ಯಾವುದೆಂದು ಯಾರೂ ಕೇಳಲಿಲ್ಲ. ಅದು ಎಲ್ಲಿಂದ ಬಂತೆಂದು ವಿಚಾರಿಸಲಿಲ್ಲ. ಹೊಡೆದ ವಸ್ತು ಆ ರೋಗಕ್ಕೆ ತಾಗುವುದೇ ಎಂದು ಯೋಚಿಸಲಿಲ್ಲ. ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂದು ಡಬ್ಬಿಯ ಚೀಟಿಯನ್ನು ಓದಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹಳೆಯದು. ಈಗ ಹಿತ್ತಲ ಗಿಡಕ್ಕೇ ಅಂಗಡಿಯ ಮದ್ದು ಬೇಕೆಂಬ ಹೊಸ ಗಾದೆ ಹುಟ್ಟಿಕೊಂಡಿದೆ. ಈ ಹೊಸ ಗಾದೆ ಸುಳ್ಳು. ಹಿತ್ತಲ ಬೀನ್ಸಿನ ದೊಡ್ಡ ರೋಗಗಳಲ್ಲಿ ಹೆಚ್ಚಿನವು ಬೀಜದೊಡನೆ ಮನೆಗೆ ಬರುತ್ತವೆ, ಒದ್ದೆ ಬಳ್ಳಿಯನ್ನು ಮುಟ್ಟಿದ ಕೈಯೊಡನೆ ಹರಡುತ್ತವೆ. ಅವುಗಳನ್ನು ತಡೆಯುವ ಶಕ್ತಿ ಡಬ್ಬಿಗಿಂತ ಮಿಗಿಲಾಗಿ ಬೀಜ ಆರಿಸುವವರ ಕೈಯಲ್ಲಿದೆ.

ತೋಟದಿಂದ ಹಿತ್ತಲಿಗೆ

ಪಂಪು ಹಿತ್ತಲಿಗೆ ಬಂದ ದಾರಿಯನ್ನು ಮೊದಲು ಅರಿಯಬೇಕು. ಮಲೆನಾಡಿಗೆ ಸಿಂಪರಣೆ ಹೊಸದೇನಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಇಲ್ಲಿನ ತೋಟಗಳಿಗೆ ಪರಿಚಯಿಸಿದರು. ಅದಕ್ಕೆ ಮುನ್ನ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ರಕ್ಷಣೆಯಾಗಿತ್ತು. ಕೋಲ್ಮನ್ ಮೊದಲು ರೋಗದ ಕಾರಣವನ್ನು ಹುಡುಕಿದರು, ಅದು ಯಾವ ಹವೆಯಲ್ಲಿ ಹೇಗೆ ಹಬ್ಬುತ್ತದೆಂದು ನೋಡಿದರು, ಆಮೇಲೆ ಮಳೆ ಹಿಡಿಯುವ ಮುನ್ನವೇ ಕೊನೆಗಳಿಗೆ ದ್ರಾವಣ ಹೊಡೆಯುವ ಕ್ರಮವನ್ನು ಹೇಳಿದರು. ಶತಮಾನದ ನಂತರ ಅವರ ದ್ರಾವಣ ಉಳಿದಿದೆ, ಅವರ ವಿವೇಕ ಉಳಿದಿಲ್ಲ.

ಈಚಿನ ವರ್ಷಗಳಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ತಗುಲಿದ ಮೇಲೆ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರ ಸೀಮೆಯ ಮನೆಗಳಿಗೆ ಹೊಸ ಹೊಸ ಶಿಲೀಂಧ್ರನಾಶಕಗಳು ಬಂದಿವೆ. ಪ್ರೊಪಿಕೊನಜೋಲ್, ಮ್ಯಾಂಕೊಜೆಬ್, ಕಾರ್ಬೆಂಡಜಿಂ ಎಂಬ ಹೆಸರುಗಳು ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿವೆ. ಮರಕ್ಕೆ ಹೊಡೆದು ಉಳಿದದ್ದು ಕೊಟ್ಟಿಗೆಯ ಅಟ್ಟದಲ್ಲಿ ಕುಳಿತಿರುತ್ತದೆ. ಎಲೆಚುಕ್ಕಿಯ ಕಾರಣಗಳಲ್ಲೊಂದಾದ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರದ ಕುಲಕ್ಕೇ ಬೀನ್ಸಿನ ಚಿಬ್ಬು ರೋಗದ ಶಿಲೀಂಧ್ರವೂ ಸೇರಿದೆ ಎಂದು ಎಲ್ಲಿಯೋ ಕೇಳಿದವರು, ಹಾಗಾದರೆ ಮದ್ದೂ ಒಂದೇ ಎಂದು ತೀರ್ಮಾನಿಸುತ್ತಾರೆ. ಕುಲ ಒಂದಾದರೂ ಪ್ರಭೇದ ಬೇರೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೆಳೆಯಲ್ಲಿದೆ. ಹಸಿರು ಅಡಿಕೆಯನ್ನು ಯಾರೂ ಮೂರನೆಯ ದಿನ ಕೊಯ್ದು ಪಲ್ಯ ಮಾಡುವುದಿಲ್ಲ.

ಬೀನ್ಸಿನ ಸ್ವಭಾವವೇ ಇಲ್ಲಿ ನಿರ್ಣಾಯಕ. ಅದು ಒಮ್ಮೆ ಕಟಾವು ಮಾಡಿ ಮುಗಿಸುವ ಬೆಳೆಯಲ್ಲ. ಎರಡು ಮೂರು ದಿನಗಳಿಗೊಮ್ಮೆ ಎಳೆಗಾಯಿ ಕೀಳುತ್ತಲೇ ಇರಬೇಕು. ಕಿತ್ತಷ್ಟೂ ಹೂ ಬಿಡುತ್ತದೆ. ಒಂದೇ ಬಳ್ಳಿಯಲ್ಲಿ ಹೂವು, ಮೊಗ್ಗು, ಈಚು, ಎಳೆಗಾಯಿ, ಬಲಿತ ಕಾಯಿ ಒಟ್ಟಿಗೇ ಇರುತ್ತವೆ. ಸಿಂಪರಣೆಯ ನಂತರ ಕೊಯ್ಲಿಗೆ ಮುನ್ನ ಇಂತಿಷ್ಟು ದಿನ ಕಾಯಬೇಕೆಂದು ಚೀಟಿ ಹೇಳುತ್ತದೆ. ಅಷ್ಟು ದಿನ ಕಾದರೆ ಬೀನ್ಸ್ ಬಲಿತು ನಾರಾಗುತ್ತದೆ. ಹೀಗಾಗಿ ಹಿತ್ತಲಿನಲ್ಲಿ ಯಾರೂ ಕಾಯುವುದಿಲ್ಲ. ಅಂತರ್ವ್ಯಾಪಿ ರಾಸಾಯನಿಕವಾದರೆ ಗಿಡದ ಒಳಗೇ ಸೇರಿಕೊಳ್ಳುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಎಲೆಯ ಮೇಲೆ ನಿಲ್ಲುವ ರಾಸಾಯನಿಕವಾದರೆ ಮುಂದಿನ ಮಳೆಗೆ ತೊಳೆದುಹೋಗಿ ಬಾವಿಯ ಕಡೆಗೋ ಹಳ್ಳದ ಕಡೆಗೋ ಹರಿಯುತ್ತದೆ. ಮೊದಲನೆಯದು ಹೊಟ್ಟೆಗೆ, ಎರಡನೆಯದು ನೀರಿಗೆ. ರೋಗಕ್ಕೆ ತಾಗಿದ್ದೆಷ್ಟು?

ಔಷಧಿ ಎಂಬ ಮಾತು

ಕನ್ನಡದ ಹಳ್ಳಿಗಳಲ್ಲಿ ಈ ವಸ್ತುಗಳಿಗೆಲ್ಲ ‘ಔಷಧಿ’ ಎಂಬ ಒಂದೇ ಹೆಸರು. ಇನ್ನು ಕೆಲವು ಕಡೆ ‘ಎಣ್ಣೆ’. ಜ್ವರ ಬಂದ ಮಗುವಿಗೆ ಕೊಡುವುದೂ ಔಷಧಿ, ಹೊಲಕ್ಕೆ ಹೊಡೆಯುವುದೂ ಔಷಧಿ. ಈ ಮಾತಿನ ಮರೆಯಲ್ಲಿ ಎಷ್ಟು ಅನಾಹುತ ನಡೆಯಬಲ್ಲದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೂಡ ಔಷಧಿಯೇ ಆಗಿತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಯ ಮನೆಗಳಿಗೆ ಅದರ ಅರ್ಥ ಆಮೇಲೆ ತಿಳಿಯಿತು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಅದಕ್ಕೆ ಹಿಂದಿನ ದಿನದವರೆಗೂ ಅಂಗಡಿಯಲ್ಲಿ ಅದಕ್ಕಿದ್ದ ಹೆಸರು ಔಷಧಿ.

ಇಂದು ಅಟ್ಟದ ಮೇಲಿರುವ ಡಬ್ಬಿಗಳ ಕಥೆಯೂ ನಿರಾಳವಾಗಿಲ್ಲ. ಯುರೋಪಿಯನ್ ಒಕ್ಕೂಟ 2018ರಲ್ಲಿ ಪ್ರೊಪಿಕೊನಜೋಲಿನ ಪರವಾನಗಿಯನ್ನೂ 2020ರಲ್ಲಿ ಮ್ಯಾಂಕೊಜೆಬ್ಬಿನ ಪರವಾನಗಿಯನ್ನೂ ನವೀಕರಿಸಲು ನಿರಾಕರಿಸಿತು. ಸಂತಾನಶಕ್ತಿಗೂ ಗರ್ಭದ ಶಿಶುವಿಗೂ ಆಗಬಹುದಾದ ಹಾನಿ ಎರಡೂ ನಿರ್ಧಾರಗಳ ಹಿಂದಿನ ಮುಖ್ಯ ಕಾರಣಗಳಲ್ಲಿ ಒಂದು. ಭಾರತದಲ್ಲಿ ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ 27 ಪೀಡೆನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತ್ತು. ಮ್ಯಾಂಕೊಜೆಬ್, ಕಾರ್ಬೆಂಡಜಿಂ ಎರಡೂ ಆ ಪಟ್ಟಿಯಲ್ಲಿದ್ದವು. 2023ರಲ್ಲಿ ಅಂತಿಮ ಆದೇಶ ಬರುವ ಹೊತ್ತಿಗೆ ಪೂರ್ಣ ನಿಷೇಧದ ಪಟ್ಟಿ ಬೆರಳೆಣಿಕೆಗೆ ಇಳಿದಿತ್ತು. ಇವೆರಡೂ ಅದರಲ್ಲಿ ಉಳಿದಿರಲಿಲ್ಲ. ಮಾರಾಟಕ್ಕೆ ಅನುಮತಿ ಇದೆ ಎಂಬುದನ್ನು ತಿನ್ನುವ ಕಾಯಿಯ ಮೇಲೆ ಮನಬಂದಂತೆ ಹೊಡೆಯಲು ಅನುಮತಿ ಎಂದು ಓದುವುದು ಎಷ್ಟರ ಮಟ್ಟಿಗೆ ಸರಿ? ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲಿಯೇ ಆದೇಶವಾಗಿತ್ತು. ಆದರೂ ಹತ್ತಿಗೆಂದು ಮಾರಿದ ಬಾಟಲಿ ಬದನೆಗೂ ಬೀನ್ಸಿಗೂ ಹೋಗುವುದನ್ನು ಆ ಆದೇಶ ತಡೆಯಲಿಲ್ಲ.

ಡಬ್ಬಿಯ ಮೇಲಿನ ಬಣ್ಣದ ತ್ರಿಕೋನದ ಬಗ್ಗೆಯೂ ಒಂದು ಭ್ರಮೆಯಿದೆ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಈ ನಾಲ್ಕು ಬಣ್ಣಗಳು ಹೇಳುವುದು ತಕ್ಷಣದ ವಿಷಪ್ರಭಾವವನ್ನು ಮಾತ್ರ. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಒಳಹೋದರೆ ಏನಾಗುತ್ತದೆಂಬುದನ್ನು ಅವು ಹೇಳುವುದಿಲ್ಲ. ಹಸಿರು ತ್ರಿಕೋನವೆಂದರೆ ನಿರಪಾಯವೆಂಬ ಅರ್ಥವಿಲ್ಲ.

ಇದರಲ್ಲಿ ಇನ್ನೊಂದು ಅನ್ಯಾಯವೂ ಅಡಗಿದೆ. ಹಿತ್ತಲು ಬಹುಪಾಲು ಹೆಂಗಸರ ದುಡಿಮೆಯ ಜಾಗ. ಪಂಪು ಹೊತ್ತು ಬರುವವನು ಗಂಡಸು. ಅವನು ಹೊಡೆದು, ಕೈಕಾಲು ತೊಳೆದು ಒಳಗೆ ಹೋಗುತ್ತಾನೆ. ಮರುದಿನ ಅದೇ ಬಳ್ಳಿಗಳ ನಡುವೆ ಬರಿಗೈಯಲ್ಲಿ ಕಾಯಿ ಕೀಳುವವಳು ಹೆಂಗಸು. ಅವಳ ಸೆರಗು ಹಿಡಿದು ನಿಲ್ಲುವುದು ಮಗು. ಏನು ಹೊಡೆದರು, ಯಾವಾಗ ಹೊಡೆದರು ಎಂಬುದು ಅನೇಕ ಸಲ ಅವಳಿಗೆ ತಿಳಿದಿರುವುದೂ ಇಲ್ಲ.

ರೋಗಗಳು ಹಲವು, ಗುರುತು ಬೇರೆ ಬೇರೆ

ಬೀನ್ಸಿಗೆ ಬರುವುದೆಲ್ಲ ಒಂದೇ ರೋಗವಲ್ಲ. ಗುರುತಿಸಲು ಪ್ರಯೋಗಾಲಯವೂ ಬೇಕಿಲ್ಲ. ಎಲೆಯನ್ನು ಮಗುಚಿ ನೋಡುವ ತಾಳ್ಮೆ ಸಾಕು.

ಎಲೆಯ ಅಡಿಯಲ್ಲಿ ಕಂದು ಬಣ್ಣದ ಸಣ್ಣ ಗುಳ್ಳೆಗಳಿದ್ದು, ಬೆರಳಿಂದ ಉಜ್ಜಿದರೆ ತುಕ್ಕಿನಂಥ ಪುಡಿ ಅಂಟಿದರೆ ಅದು ತುಕ್ಕು ರೋಗ. ಇದು ಬೀಜದಲ್ಲಿ ಬರುವುದಿಲ್ಲ. ಗಾಳಿಯಲ್ಲಿ ಹಾರಿ ಬರುತ್ತದೆ. ಎಲೆ ರಾತ್ರಿಯಿಡೀ ಒದ್ದೆಯಾಗಿದ್ದರೆ ಬೇರೂರುತ್ತದೆ. ಕಳೆದ ಬೆಳೆಯ ಒಣಬಳ್ಳಿಯನ್ನು ಚಪ್ಪರದ ಮೇಲೆಯೇ ಬಿಟ್ಟ ಮನೆಗಳಲ್ಲಿ ಅದು ಬೇಗ ಕಾಣಿಸಿಕೊಳ್ಳುತ್ತದೆ.

ಎಲೆಯ ಅಡಿಯ ನರಗಳು ಇಟ್ಟಿಗೆಗೆಂಪು ಬಣ್ಣಕ್ಕೆ ತಿರುಗಿ ಕಪ್ಪಾದರೆ, ಕಾಯಿಯ ಮೇಲೆ ಒಳಕ್ಕೆ ಕುಸಿದ ದುಂಡು ಗುಳಿ ಬಿದ್ದು ಮಳೆಯಲ್ಲಿ ಅದರ ನಡುವೆ ನಸುಗೆಂಪು ಲೋಳೆ ಕಂಡರೆ ಅದು ಚಿಬ್ಬು ರೋಗ. ಮಲೆನಾಡಿನ ತಂಪು, ಎಡೆಬಿಡದ ತೇವ ಅದಕ್ಕೆ ಹಬ್ಬದೂಟ. ಆ ಲೋಳೆಯಲ್ಲಿ ಲಕ್ಷಾಂತರ ಬೀಜಕಣಗಳಿರುತ್ತವೆ. ಒಂದು ಮಳೆಹನಿ ಸಿಡಿದರೆ ಪಕ್ಕದ ಗಿಡಕ್ಕೆ, ಒದ್ದೆ ಬಳ್ಳಿಗೆ ತಾಗಿದ ಸೀರೆಯ ಅಂಚಿನಿಂದ ಮುಂದಿನ ಸಾಲಿಗೆ ಅದು ದಾಟುತ್ತದೆ. ಕಾಯಿಯ ಗುಳಿ ಆಳಕ್ಕಿಳಿದರೆ ಒಳಗಿನ ಬೀಜಕ್ಕೂ ಶಿಲೀಂಧ್ರ ಸೇರಿ ಅಲ್ಲಿಯೇ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಎಲೆಯ ಮೇಲೆ ಮೊದಲು ನೀರಿನಲ್ಲಿ ನೆನೆದಂಥ ಮಚ್ಚೆ, ಆಮೇಲೆ ಸುಟ್ಟಂಥ ಕಂದು ಬಣ್ಣ, ಅದರ ಸುತ್ತ ಹಳದಿ ಅಂಚು ಕಂಡರೆ ಅದು ದುಂಡಾಣು ಅಂಗಮಾರಿ. ಇದರ ವಾಹಕವೂ ಬೀಜವೇ. ಶಿಲೀಂಧ್ರನಾಶಕಗಳಲ್ಲಿ ಹೆಚ್ಚಿನವಕ್ಕೂ ದುಂಡಾಣುವಿಗೂ ಸಂಬಂಧವೇ ಇಲ್ಲ. ತಾಮ್ರದ ದ್ರಾವಣ ಅದು ಹರಡುವುದನ್ನು ತುಸು ತಡೆದೀತು, ಬಂದದ್ದನ್ನು ಗುಣಪಡಿಸದು.

ಎಲೆ ಕೆಳಮುಖವಾಗಿ ಮುದುಡಿ, ಕಡುಹಸಿರು ತಿಳಿಹಸಿರಿನ ತೇಪೆ ಹಾಕಿದಂತೆ ಕಂಡು, ಗಿಡ ಕುಳ್ಳಾಗಿ ನಿಂತರೆ ಅದು ಮೊಸಾಯಿಕ್ ನಂಜು. ಇದು ವೈರಸ್. ಬೀಜದಲ್ಲಿ ಬರುತ್ತದೆ, ಗಿಡಹೇನು ಅದನ್ನು ಉಳಿದ ಗಿಡಗಳಿಗೆ ಹಂಚುತ್ತದೆ. ಹೇನು ಎಲೆಗೆ ಮೂತಿ ಚುಚ್ಚಿ ರುಚಿ ನೋಡಿದ ಕ್ಷಣಗಳಲ್ಲಿಯೇ ವೈರಸ್ ದಾಟಿಬಿಡುತ್ತದೆ. ಹೇನು ಸಾಯಲು ಕೀಟನಾಶಕಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಂದಮೇಲೆ ಸಿಂಪರಣೆಯಿಂದ ಬಂದ ಲಾಭವೇನು? ಬೇಸಗೆಯಲ್ಲಿ ಬೀನ್ಸ್, ಅವರೆ, ಹುರುಳಿಯ ಎಲೆಗಳನ್ನು ಅರಿಸಿನದ ಬಣ್ಣಕ್ಕೆ ತಿರುಗಿಸುವ ಹಳದಿ ನಂಜು ಬೇರೆಯದು. ಅದನ್ನು ಹರಡುವುದು ಬಿಳಿನೊಣ. ಎರಡರಲ್ಲಿ ಯಾವುದು ತಗುಲಿದರೂ ಗಿಡವನ್ನು ವಾಸಿಮಾಡುವ ವಸ್ತು ಈ ಭೂಮಿಯ ಯಾವ ಅಂಗಡಿಯಲ್ಲಿಯೂ ಇಲ್ಲ. ಇದೆ ಎಂದು ಮಾರುವವನು ಸುಳ್ಳು ಹೇಳುತ್ತಿದ್ದಾನೆ.

ಬುಡವೇ ಕೊಳೆತು ಗಿಡ ಬಾಡಿದರೆ, ಮಣ್ಣಿನ ಮಟ್ಟದಲ್ಲಿ ಬಿಳಿ ಬೂಷ್ಟು, ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಅದು ಬುಡಕೊಳೆ. ನೀರು ನಿಲ್ಲುವ ನೆಲ ಇದಕ್ಕೆ ಅನುಕೂಲ. ಎಲೆಗೆ ಹೊಡೆದದ್ದು ಬೇರಿಗೆ ತಲುಪುವುದಿಲ್ಲ. ಬಸಿಗಾಲುವೆ ತೆಗೆಯುವ ಗುದ್ದಲಿಯೇ ಇದರ ಮದ್ದು.

ಹೀಗೆ ಹಲವು ರೋಗಗಳಿಗೆ ಹಲವು ಬಗೆಯ ಮೂಲಗಳಿರುವಾಗ, ಅಂಗಡಿಯ ಕಟ್ಟೆಯಲ್ಲಿ ನಿಂತು “ಬೀನ್ಸಿಗೆ ರೋಗ” ಎಂದವರಿಗೆಲ್ಲ ಒಂದೇ ಪೊಟ್ಟಣ ಸಿಗುತ್ತದೆ. ರೋಗಿಯನ್ನು ನೋಡದೆ ಚೀಟಿ ಬರೆದುಕೊಡುವ ವೈದ್ಯನನ್ನು ಊರು ಒಪ್ಪೀತೇ?

ಬೀಜದೊಳಗಿನ ಗುಟ್ಟು

ಚಿಬ್ಬು, ಅಂಗಮಾರಿ, ಮೊಸಾಯಿಕ್ ಈ ಮೂರರ ಬೇರೂ ಬೀಜದಲ್ಲಿದೆ. ಹಿಂದೆ ಬೀನ್ಸ್ ಬೀಜ ಮನೆಯಲ್ಲಿಯೇ ಇರುತ್ತಿತ್ತು, ಇಲ್ಲವೇ ನೆಂಟರ ಮನೆಯಿಂದ ಬರುತ್ತಿತ್ತು. ಈಗ ಬರುವುದು ಬಣ್ಣದ ಪೊಟ್ಟಣ. ಅದರ ಮೇಲೆ ಹೊಳೆಯುವ ಕಾಯಿಯ ಚಿತ್ರವಿದೆ, ಮೊಳಕೆಯ ಪ್ರಮಾಣವಿದೆ, ಬೆಲೆಯಿದೆ. ಬೀಜ ಯಾವ ಸೀಮೆಯಲ್ಲಿ ಯಾವ ಕಾಲದಲ್ಲಿ ಬೆಳೆದದ್ದು, ಬೀಜದ ಹೊಲದಲ್ಲಿ ಚಿಬ್ಬು ರೋಗವಿತ್ತೇ ಎಂಬ ಮಾತಿಲ್ಲ. ಸರ್ಕಾರದ ಪ್ರಮಾಣೀಕರಣ ಪಡೆದ ಬೀಜವಾದರೆ ಹೊಲದ ತಪಾಸಣೆಯಾದರೂ ಇರುತ್ತದೆ. ಕಂಪನಿಯೇ ಚೀಟಿ ಹಚ್ಚಿ ಮಾರುವ ಬೀಜಕ್ಕೆ ಅಂಥ ಹೊರಗಿನ ತಪಾಸಣೆ ಕಡ್ಡಾಯವಲ್ಲ. ಮಾರುಕಟ್ಟೆಯ ತರಕಾರಿ ಬೀಜದಲ್ಲಿ ಎರಡನೆಯ ಬಗೆಯದೇ ಹೆಚ್ಚು.

ಕೆಲವು ಪೊಟ್ಟಣಗಳಲ್ಲಿ ಬೀಜ ಗುಲಾಬಿ ಬಣ್ಣಕ್ಕಿರುತ್ತದೆ. ಅದು ಥೈರಂನಂಥ ಶಿಲೀಂಧ್ರನಾಶಕದ ಲೇಪ. ಮಣ್ಣಿನ ಶಿಲೀಂಧ್ರಗಳಿಂದ ಮೊಳಕೆಯನ್ನು ಅದು ಕೆಲ ದಿನ ಕಾದೀತು. ಬೇಳೆಯ ಒಳಗೆ ಕುಳಿತ ಚಿಬ್ಬನ್ನಾಗಲಿ ವೈರಸ್ಸನ್ನಾಗಲಿ ಅದು ಮುಟ್ಟಲಾರದು. ಬಿತ್ತಿ ಉಳಿದ ಇಂಥ ಬೀಜವನ್ನು ಬೇಯಿಸುವುದಾಗಲಿ ಕೋಳಿಗೆ ಹಾಕುವುದಾಗಲಿ ಕೂಡದು.

ಇದಕ್ಕೆ ಪರಿಹಾರ ಜಗತ್ತಿಗೆ ಗೊತ್ತಿಲ್ಲದ್ದಲ್ಲ. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಚಿಬ್ಬು ರೋಗ ಮಳೆ ಹೆಚ್ಚಿರುವ ಪೂರ್ವ ರಾಜ್ಯಗಳ ಬೀನ್ಸನ್ನು ಹಾಳುಗೆಡವಿತ್ತು. ಅಲ್ಲಿಯವರು ಬೀಜದ ಬೆಳೆಯನ್ನೇ ಇಡಾಹೊ ಮೊದಲಾದ ಒಣಹವೆಯ ಪಶ್ಚಿಮ ರಾಜ್ಯಗಳಿಗೆ ಸಾಗಿಸಿದರು. ಮಳೆ ಎಲೆಗೆ ಬೀಳದು, ಕಾಲುವೆಯ ನೀರು ಬುಡಕ್ಕೆ ಮಾತ್ರ ಹೋಗುವುದು. ಹನಿ ಸಿಡಿಯದಿದ್ದರೆ ಚಿಬ್ಬು ಹರಡುವುದಿಲ್ಲ. ಅಲ್ಲಿನ ಶುದ್ಧ ಬೀಜದಿಂದ ಪೂರ್ವದ ಹೊಲಗಳು ಚೇತರಿಸಿಕೊಂಡವು.

ಮಲೆನಾಡಿಗೆ ಇಡಾಹೊಗೆ ಹೋಗುವ ಅಗತ್ಯವಿಲ್ಲ. ಇಲ್ಲಿ ಒಂದೇ ಹಿತ್ತಲಿನಲ್ಲಿ ವರ್ಷಕ್ಕೆ ಎರಡು ದೇಶಗಳಿವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಕೂಡ ಡಿಸೆಂಬರಿನಿಂದ ಮಾರ್ಚಿಯವರೆಗೆ ಆಕಾಶ ಬಹುಪಾಲು ಒಣಗಿರುತ್ತದೆ. ದೀಪಾವಳಿ ಕಳೆದ ಮೇಲೆ ಬಿತ್ತಿ, ನೀರನ್ನು ಚೊಂಬಿನಲ್ಲಿ ಬುಡಕ್ಕೆ ಮಾತ್ರ ಹನಿಸಿ, ಫೆಬ್ರುವರಿ ಮಾರ್ಚಿಯಲ್ಲಿ ಬಳ್ಳಿಯಲ್ಲೇ ಒಣಗಿದ ಕಾಯಿಯಿಂದ ತೆಗೆದ ಬೀಜವೇ ಬೀಜ. ಆ ಕಾಲದ ಇಬ್ಬನಿಗೆ ತುಕ್ಕು ಬರಬಹುದು, ಆದರೆ ತುಕ್ಕು ಬೀಜಕ್ಕೆ ಇಳಿಯುವುದಿಲ್ಲ. ಮಳೆಗಾಲದ ಕಾಯಿ ಪಲ್ಯಕ್ಕೆ, ಬೇಸಗೆಯ ಕಾಯಿ ಬೀಜಕ್ಕೆ. ಈ ಒಂದು ನಿಯಮವನ್ನು ಪಾಲಿಸಿದರೆ ಅರ್ಧ ರೋಗ ಬಾಗಿಲಲ್ಲೇ ನಿಲ್ಲುತ್ತದೆ.

ಪರಿಸರವಾದಿಗಳ ಮರೆವು

ಇಲ್ಲಿ ಚಳವಳಿಯ ಒಳಗಿನವರಿಗೂ ಒಂದು ಕಟು ಮಾತು ಅಗತ್ಯ. ರಾಸಾಯನಿಕವನ್ನು ವಿರೋಧಿಸುವ ಉತ್ಸಾಹದಲ್ಲಿ ಗೋಮೂತ್ರ, ಜೀವಾಮೃತ, ಬೇವಿನ ಕಷಾಯಗಳನ್ನು ಸರ್ವರೋಗ ನಿವಾರಕಗಳೆಂದು ಹೇಳುವ ವಾಡಿಕೆ ಬೆಳೆದಿದೆ. ಬೇವು ಹೇನಿನ ಸಂಖ್ಯೆಯನ್ನು ತಗ್ಗಿಸಬಲ್ಲದು. ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಗೊಬ್ಬರದಲ್ಲಿ ಬೆರೆಸಿ ಮಣ್ಣಿಗೆ ಕೊಟ್ಟರೆ ಬುಡಕೊಳೆ ತಗ್ಗಬಹುದು. ಆದರೆ ನಂಜು ತಗುಲಿದ ಗಿಡವನ್ನು ಯಾವ ಕಷಾಯವೂ ಉಳಿಸದು. ಡಬ್ಬಿಯ ಜಾಗದಲ್ಲಿ ಮಡಕೆಯನ್ನಿಟ್ಟು ಅದೇ ಕುರುಡು ನಂಬಿಕೆಯನ್ನು ಮುಂದುವರಿಸಿದರೆ ಬದಲಾದದ್ದೇನು? ಬೋರ್ಡೋ ದ್ರಾವಣವನ್ನೂ ‘ಸಾವಯವ’ವೆಂದು ಧಾರಾಳವಾಗಿ ಹೊಡೆಯುವವರಿದ್ದಾರೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಎರೆಹುಳುವಿಗೂ ಕುತ್ತಾಗುತ್ತದೆ. ಎಳೆಯ ಬೀನ್ಸ್ ಎಲೆಗಳನ್ನು ಸುಡುವುದೂ ಉಂಟು.

ನಾಟಿ ಬೀಜವೆಂದರೆ ನಿರ್ಮಲ ಬೀಜ ಎಂಬ ನಂಬಿಕೆ ಇದಕ್ಕಿಂತ ಅಪಾಯಕಾರಿ. ಚಿಬ್ಬು ಹಿಡಿದ ಬಳ್ಳಿಯಿಂದ ಇಟ್ಟ ಬೀಜ ಅಜ್ಜಿಯ ಮನೆಯದಾದರೂ ಚಿಬ್ಬನ್ನೇ ತರುತ್ತದೆ. ಬೂದಿಯಲ್ಲಿ ಕಲಸಿ ಸೋರೆಬುರುಡೆಯಲ್ಲಿ ಇಟ್ಟು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ಪದ್ಧತಿ ಕುಟ್ಟೆ ಹುಳುವನ್ನೂ ತೇವವನ್ನೂ ತಡೆಯುತ್ತದೆ. ಬೀಜದ ಒಳಗಿನ ರೋಗವನ್ನು ತಡೆಯುವುದಿಲ್ಲ. ಬೇರೆ ಕೆಲವು ತರಕಾರಿ ಬೀಜಗಳಿಗೆ ಹೊಂದುವ ಬಿಸಿನೀರಿನ ಉಪಚಾರವೂ ಬೀನ್ಸಿಗೆ ಹೊಂದದು, ಬೀಜ ಬಿರಿದು ಮೊಳಕೆ ಕೆಡುತ್ತದೆ. ಶಿರಸಿಯ ವನಸ್ತ್ರೀ ಬಳಗದಂಥ ಮಹಿಳಾ ಗುಂಪುಗಳು ಹಿತ್ತಲ ಬೀಜಗಳನ್ನು ಉಳಿಸಿ ಹಂಚುವ ಕೆಲಸವನ್ನು ಮಾಡುತ್ತ ಬಂದಿವೆ. ಆ ಕೆಲಸದ ಬೆಲೆ ದೊಡ್ಡದು. ಅದಕ್ಕಾಗಿಯೇ ಬೀಜ ಕೊಡುವ ಕೈ ಪ್ರತಿ ಸಲವೂ ‘ಯಾವ ಬಳ್ಳಿಯದು, ಯಾವ ಕಾಲದ್ದು’ ಎಂಬ ಎರಡು ಮಾತನ್ನು ಬೀಜದೊಡನೆ ಕೊಡಬೇಕು.

ಹಿತ್ತಲಿನಲ್ಲಿ ಆಗಬೇಕಾದದ್ದು

ಮಾಡಬೇಕಾದ ಕೆಲಸಗಳಿಗೆ ಹಣ ಬೇಡ, ಗಮನ ಬೇಕು. ಬಿತ್ತುವ ಮುನ್ನ ಬೀಜವನ್ನು ಮೊರದಲ್ಲಿ ಹರಡಿ ಕಲೆಯಿದ್ದದ್ದು, ಸುಕ್ಕಾದದ್ದು, ಬಣ್ಣಗೆಟ್ಟದ್ದನ್ನು ಆರಿಸಿ ತೆಗೆಯಬೇಕು. ಮೊಳಕೆಯ ಎರಡು ಬೇಳೆಗಳ ಮೇಲೆ ಕಪ್ಪು ಗುಳಿ ಕಂಡ ಸಸಿಯನ್ನು ಅಂದೇ ಕೀಳಬೇಕು. ಒಂದು ಸಸಿಯ ಮೇಲಿನ ಕನಿಕರ ಇಡೀ ಸಾಲಿಗೆ ಮೃತ್ಯು. ಮೊಸಾಯಿಕ್ ಕಂಡ ಗಿಡಕ್ಕೂ ಇದೇ ಗತಿ. ಕಿತ್ತದ್ದನ್ನು ಗೊಬ್ಬರಗುಂಡಿಗೆ ಎಸೆಯದೆ ಸುಡಬೇಕು ಅಥವಾ ಆಳವಾಗಿ ಹೂಳಬೇಕು.

ಒದ್ದೆ ಬಳ್ಳಿಯನ್ನು ಮುಟ್ಟಬಾರದು. ಎಲೆಯ ನೀರು ಆರಿದ ಮೇಲೆಯೇ ಕಾಯಿ ಕೀಳಬೇಕು. ಮಳೆಗಾಲದಲ್ಲಿ ಇದು ಕಷ್ಟದ ಮಾತು. ಆದರೆ ಚಿಬ್ಬಿನ ಹಬ್ಬುವಿಕೆಯನ್ನು ಇದರಷ್ಟು ತಡೆಯುವ ಅಭ್ಯಾಸ ಇನ್ನೊಂದಿಲ್ಲ. ಏರುಮಡಿ ಮಾಡಿ ನೀರು ಬಸಿಯಲು ದಾರಿ ಕೊಡಬೇಕು. ಬುಡಕ್ಕೆ ತರಗೆಲೆ ಮುಚ್ಚಿದರೆ ಮಣ್ಣು ಎಲೆಗೆ ಸಿಡಿಯದು. ಹಲಸಿನ ಮರದ ನೆರಳಿನಿಂದ ಚಪ್ಪರವನ್ನು ಬೆಳಗಿನ ಬಿಸಿಲಿಗೆ ಸರಿಸಬೇಕು. ಗಾಳಿಯಾಡುವಷ್ಟು ಅಂತರ ಬಿಡಬೇಕು. ಬೀನ್ಸ್ ಬೆಳೆದ ಪಾತಿಯಲ್ಲಿ ಎರಡು ಮೂರು ವರ್ಷ ಹರಿವೆ, ಸೌತೆ, ಗೆಣಸು ಬೆಳೆಯಲಿ.

ತಳಿಯ ಆಯ್ಕೆಯೂ ಒಂದು ರಕ್ಷಣೆ. ಬೆಂಗಳೂರು ಬಳಿಯ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತುಕ್ಕು ಮತ್ತು ದುಂಡಾಣು ಅಂಗಮಾರಿ ಎರಡನ್ನೂ ತಡೆಯಬಲ್ಲ ಅರ್ಕಾ ಅನೂಪ್ ಎಂಬ ಪೊದೆ ಬೀನ್ಸನ್ನೂ, ತುಕ್ಕು ತಡೆಯುವ ಅರ್ಕಾ ಸುಕೋಮಲ್ ಎಂಬ ಬಳ್ಳಿ ಬೀನ್ಸನ್ನೂ ರೂಪಿಸಿದೆ. ಇವು ಸಂಕರ ತಳಿಗಳಲ್ಲ. ಒಮ್ಮೆ ತಂದರೆ ಬೀಜವನ್ನು ಮನೆಯಲ್ಲಿಯೇ ಮುಂದುವರಿಸಬಹುದು. ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಅಮೆರಿಕ ಖಂಡದಿಂದ ಬಂದ, ಅತಿ ತೇವವನ್ನು ಸಹಿಸದ ಬೀನ್ಸನ್ನು ಆಷಾಢ ಶ್ರಾವಣದಲ್ಲೇ ಬೆಳೆಯಬೇಕೆಂಬ ಹಟವೇಕೆ? ಜಡಿಮಳೆಯ ತಿಂಗಳುಗಳಲ್ಲಿ ಹಿತ್ತಲು ಅಲಸಂದೆಗೆ, ಕತ್ತಿಯವರೆಗೆ ಸಲ್ಲಲಿ. ಮಳೆ ಹಿಂದೆ ಸರಿದ ಮೇಲೆ ಬೀನ್ಸ್ ಬರಲಿ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಬಿಸಿಯೂಟಕ್ಕಾಗಿ ಕೈತೋಟ ಮಾಡಿರುವ ಶಾಲೆಗಳು ಪೊಟ್ಟಣದ 100 ಬೀಜಗಳನ್ನು ಒದ್ದೆ ಮರಳಿನಲ್ಲಿ ಬಿತ್ತಿ ಎಷ್ಟು ಮೊಳೆತವು, ಎಷ್ಟು ಬೇಳೆಗಳ ಮೇಲೆ ಕಲೆಯಿದೆ ಎಂದು ಎಣಿಸಿ ಬರೆದಿಡಲಿ. ಮನೆಯ ಬೀಜಕ್ಕೂ ಅದೇ ಪರೀಕ್ಷೆಯಾಗಲಿ. ಆ ಲೆಕ್ಕ ಊರಿನ ಮುಂದೆ ಬರಲಿ. ಪಠ್ಯದ ಶಿಲೀಂಧ್ರ, ದುಂಡಾಣು, ವೈರಸ್ ಎಂಬ ಪಾಠ ಆಗ ಊಟದ ತಟ್ಟೆಗೆ ಸಂಬಂಧಿಸಿದ್ದಾಗುತ್ತದೆ.

ಕೇಳಬೇಕಾದ ಹಕ್ಕು

ಎಲ್ಲ ಹೊಣೆಯನ್ನೂ ಹಿತ್ತಲಿನವರ ಮೇಲೆ ಹೊರಿಸಿ ಮಾರುವವರನ್ನು ಬಿಟ್ಟುಬಿಡುವಂತಿಲ್ಲ. ಬೀಜದ ಪೊಟ್ಟಣದ ಮೇಲೆ ಬೀಜ ಬೆಳೆದ ಸೀಮೆ, ಕಾಲ, ರೋಗಪರೀಕ್ಷೆಯ ಫಲ ಕನ್ನಡದಲ್ಲಿ ಅಚ್ಚಾಗಬೇಕು. ಮೂಲ ಡಬ್ಬಿಯನ್ನು ಒಡೆದು ಚೀಟಿಯಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ವಿಷ ಮಾರುವುದು ನಿಲ್ಲಬೇಕು. ತೋಟಗಾರಿಕೆ ಇಲಾಖೆ ಸಿಂಪರಣೆಗೆ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನಾದರೂ ರೋಗಮುಕ್ತ ಬೀಜದ ಉತ್ಪಾದನೆಗೆ ಕೊಡಬೇಕು. ಬೇಸಗೆಯಲ್ಲಿ ಬೀಜ ಬೆಳೆಯುವ ಮಹಿಳಾ ಸಂಘಗಳಿಂದಲೇ ಅದನ್ನು ಕೊಳ್ಳಬೇಕು. ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆ ರೈತರಿಗೆ ಬೀಜವನ್ನು ಉಳಿಸುವ, ಮರುಬಿತ್ತುವ, ವಿನಿಮಯ ಮಾಡುವ, ಹಂಚುವ, ಬ್ರ್ಯಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ಕೊಟ್ಟಿದೆ. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ.

“ಒಂದು ಹಿಡಿ ಬೀನ್ಸಿಗೆ ಇಷ್ಟೆಲ್ಲ ರಗಳೆಯೇ, ಸಂತೆಯಲ್ಲಿ ಸಿಗುವುದಿಲ್ಲವೇ” ಎನ್ನುವವರಿದ್ದಾರೆ. ಸಂತೆಯ ಬೀನ್ಸಿಗೆ ಏನು ಹೊಡೆದಿದ್ದಾರೆಂದು ಯಾರಿಗೂ ತಿಳಿಯದು ಎಂಬ ಕಾರಣಕ್ಕೇ ಹಿತ್ತಲಿಗೆ ಬೆಲೆ. ಆ ತಿಳಿವನ್ನೂ ಪಂಪಿನಿಂದ ಅಳಿಸಿಹಾಕಿದರೆ ಹಿತ್ತಲಿಗೂ ಸಂತೆಗೂ ಉಳಿಯುವ ಭೇದವಾದರೂ ಏನು? ಒಂದು ವರ್ಷ ಮೂರರಲ್ಲೊಂದು ಪಾಲು ಕಾಯಿ ಚಿಬ್ಬಿಗೆ ಹೋದರೆ ಹೋಗಲಿ. ಉಳಿದ ಎರಡು ಪಾಲು ನಿಶ್ಚಿಂತೆಯಿಂದ ತಿನ್ನುವಂಥದ್ದಾಗಿರುತ್ತದೆ. ಈ ದೀಪಾವಳಿಯ ನಂತರ ಪ್ರತಿ ಮನೆಯೂ ಹತ್ತು ಬೀನ್ಸ್ ಗಿಡಗಳನ್ನು ಬೀಜಕ್ಕೆಂದೇ ಬಿಟ್ಟು, ಬುಡಕ್ಕೆ ಮಾತ್ರ ನೀರುಣಿಸಿ ಬೆಳೆಸಲಿ. ಮುಂದಿನ ಯುಗಾದಿಯ ಹೊತ್ತಿಗೆ ಊರಿನ ಬೀಜ ಊರಿನಲ್ಲೇ ಸಿದ್ಧವಿರುತ್ತದೆ. ಪಂಪು ತೋಟದ ಕೊಟ್ಟಿಗೆಯಲ್ಲೇ ಇರಲಿ, ಹಿತ್ತಲಿಗೆ ಅದರ ದಾರಿ ಮುಚ್ಚಲಿ.